ಮನೆಯ ಲೆಕ್ಕದಲ್ಲಿ ಮಕ್ಕಳಿಗೂ ಒಂದು ಪಾಲು



ಹೋದ ವರ್ಷ ಮಳೆಗಾಲದಲ್ಲಿ ಕಾಪುವಿನ ಒಂದು ಮನೆಗೆ ಹೋಗಿದ್ದೆ. ಎರಡು ವಾರದಿಂದ ಸಂಘದ ಸಭೆಗೆ ಬಾರದ ಸದಸ್ಯೆಯೊಬ್ಬರನ್ನು ನೋಡಿ ಬರೋಣ ಅಂತ. ಜಗಲಿಯಲ್ಲಿ ಕೊಡೆ ಮಡಚುತ್ತಿದ್ದ ಹಾಗೆಯೇ ಏಳೆಂಟು ವರ್ಷದ ಹುಡುಗಿಯೊಬ್ಬಳು ಬಾಗಿಲಿಗೆ ಬಂದು, ನಾನು ಏನೂ ಕೇಳುವ ಮೊದಲೇ, "ಅಮ್ಮ ಇಲ್ಲ, ಸಂಜೆ ಬರ್ತಾರೆ" ಅಂದಳು. ಅಮ್ಮನ ಚಪ್ಪಲಿ ಮೆಟ್ಟಿಲ ಮೇಲೆಯೇ ಇತ್ತು. ಒಳಗಿನಿಂದ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ನನ್ನ ಸ್ವರ ಕೇಳಿದ್ದೇ ಆ ಸದ್ದು ನಿಂತಿತು. ತಾಯಿ ಹೊರಗೆ ಬಂದು, "ಅಯ್ಯೋ ಸಿಸ್ಟರ್, ನೀವಾ? ಕಂತಿನವರು ಅಂತ ಎಣಿಸಿದೆ" ಅಂದರು.

ನಾವಿಬ್ಬರೂ ನಕ್ಕೆವು. ಮಗು ನಗಲಿಲ್ಲ. ಅದು ಅಮ್ಮನ ಮುಖ ನೋಡಿತು, ನನ್ನ ಮುಖ ನೋಡಿತು, ತಾನು ಹೇಳಿದ್ದು ಸರಿಯಾಯಿತೋ ತಪ್ಪಾಯಿತೋ ಎಂದು ತಿಳಿಯದೆ ಒಳಗೆ ಹೋಯಿತು.

ಆ ತಾಯಿಯನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಮೂರು ಕಡೆ ಸಾಲ ಇರುವ ಮನೆಯಲ್ಲಿ, ಮಳೆಗಾಲದಲ್ಲಿ, ಬಾಗಿಲಿಗೆ ಕಂತಿನವರು ಬಂದಾಗ ಹೆಂಗಸಿನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ದಿನ ಆ ಹುಡುಗಿ ಹಣದ ಬಗ್ಗೆ ಒಂದು ಪಾಠ ಕಲಿತಳು. ಸಾಲ ಅಂದರೆ ಅಡಗಿಕೊಳ್ಳುವುದು. ಕೇಳುವವರು ಬಂದರೆ ಸುಳ್ಳು ಹೇಳುವುದು. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ.

"ಮಕ್ಕಳಿಗೆ ದುಡ್ಡಿನ ವಿಷಯ ಎಂತದು ಸಿಸ್ಟರ್, ಅವರು ಓದಲಿ" ಎಂದು ಸಭೆಗಳಲ್ಲಿ ಹಲವರು ಹೇಳುತ್ತೀರಿ. ನಾವು ಕಲಿಸಲಿ ಬಿಡಲಿ, ಅವರು ಕಲಿಯುತ್ತಲೇ ಇರುತ್ತಾರೆ. ಗೋಡೆಯಾಚೆ ಪಿಸುಗುಟ್ಟುವುದು ಅವರಿಗೆ ಕೇಳುತ್ತದೆ. ಹಾಗಾಗಿ ಈ ಸಲದ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಾನು ಹೇಳುವುದು ಒಂದೇ ಮಾತು: ಸಂಘದಲ್ಲಿ ನೀವು ಏನು ಮಾಡುತ್ತೀರೋ ಅದನ್ನೇ ಮನೆಯಲ್ಲಿ ಮಕ್ಕಳ ಜೊತೆ ಮಾಡಿ. ವಾರಕ್ಕೊಮ್ಮೆ ಕೂರುವುದು, ಸ್ವಲ್ಪ ಉಳಿಸುವುದು, ಬೇಕಾದಾಗ ಎಲ್ಲರ ಎದುರು ಕೇಳಿ ಪಡೆಯುವುದು, ಹೇಳಿದ ದಿನ ಹಿಂದೆ ಕೊಡುವುದು, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುವುದು. ಈ ಐದು ಅಭ್ಯಾಸಗಳನ್ನು ಮೂವತ್ತು ನಲವತ್ತರ ವಯಸ್ಸಿನಲ್ಲಿ ಕಲಿಯಲು ನಾವು ಎಷ್ಟು ಕಷ್ಟಪಟ್ಟೆವು! ಹತ್ತು ವರ್ಷದ ಮಗುವಿಗೆ ಅದು ಅಷ್ಟು ಕಷ್ಟವಲ್ಲ.

ನಮ್ಮ ಊರಿಗೆ ಇದು ಹೊಸತೂ ಅಲ್ಲ. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದರು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಧಾರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಬ್ಯಾಂಕಿನ ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ಪಡೆಯುತ್ತಿದ್ದರು. ಎರಡಾಣೆ ಅಂದರೆ ರೂಪಾಯಿಯ ಎಂಟನೇ ಒಂದು ಪಾಲು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರ ಹತ್ತಿರ ಬ್ಯಾಂಕೇ ನಡೆದು ಬಂದದ್ದು ಹಾಗೆ. ಈಗ ಎರಡೂ ಹೆಸರುಗಳು ಬೋರ್ಡಿನ ಮೇಲಿಲ್ಲ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು.

ನಾನು ಸಣ್ಣವಳಿದ್ದಾಗ ನಮ್ಮ ಮನೆಗೂ ಪಿಗ್ಮಿಯವರು ಬರುತ್ತಿದ್ದರು. ಅಮ್ಮ ಅಕ್ಕಿ ಡಬ್ಬದ ಹಿಂದಿನಿಂದ ನಾಣ್ಯ ತೆಗೆದು ನನ್ನ ಕೈಗೆ ಕೊಡುತ್ತಿದ್ದರು, ನಾನು ಓಡಿಹೋಗಿ ಅವರ ಕೈಗೆ ಹಾಕಬೇಕು, ಅವರು ಕಾರ್ಡಿನಲ್ಲಿ ಬರೆದದ್ದನ್ನು ಓದಿ ಅಮ್ಮನಿಗೆ ಹೇಳಬೇಕು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಒಂದು ದಿನ ಅವರು ಬರೆಯಲು ಮರೆತದ್ದನ್ನು ನಾನು ಹೇಳಿ ಬರೆಸಿದೆ. ಆಗ ನಾನು ಎರಡನೇ ಕ್ಲಾಸು. ಆ ದಿನದ ಹೆಮ್ಮೆ ನನಗೆ ಇವತ್ತೂ ನೆನಪಿದೆ. ಯೋಚಿಸಿದರೆ, ಅಮ್ಮ ನನಗೆ ಹಣದ ಬಗ್ಗೆ ಒಂದೇ ಒಂದು ಉಪದೇಶ ಮಾಡಿದ್ದಿಲ್ಲ. ಒಂದು ಕೆಲಸ ಕೊಟ್ಟರು, ಅಷ್ಟೇ.

ಈಗಿನ ಮಕ್ಕಳಿಗೆ ಯಾವ ಕೆಲಸ ಕೊಡಬಹುದು? ಮೊದಲು ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿಯುವ ಕೆಲಸ ಕೊಡಿ. "ದುಡ್ಡು ಮರದಲ್ಲಿ ಆಗ್ತದಾ?" ಎಂದು ನಾವೆಲ್ಲ ಮಕ್ಕಳಿಗೆ ಬೈಯುತ್ತೇವೆ. ಶಂಕರಪುರದ ಕಡೆಯ ಒಬ್ಬ ಹುಡುಗ ಅಮ್ಮನಿಗೆ ತಿರುಗಿ ಹೇಳಿದನಂತೆ: "ಗಿಡದಲ್ಲಿ ಆಗ್ತದಲ್ಲ ಅಮ್ಮ, ನಮ್ಮ ಮಲ್ಲಿಗೆ ಗಿಡದಲ್ಲಿ!" ಅವನು ಹೇಳಿದ್ದು ಸುಳ್ಳಲ್ಲ. ಆದರೆ ಎಷ್ಟು ಆಗುತ್ತದೆ, ಯಾವಾಗ ಆಗುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಒಂದು ಚೆಂಡಿಗೆ 800 ಹೂವು, 4 ಚೆಂಡು ಸೇರಿದರೆ 1 ಅಟ್ಟೆ, ಅಂದರೆ 3,200 ಮೊಗ್ಗು. ಬೆಳಿಗ್ಗೆ ಬೇಗ ಎದ್ದು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಳಿಸಬೇಕು. ದರ ದಿನದಿನಕ್ಕೆ ಬದಲಾಗುತ್ತದೆ. ಮದುವೆ, ಹಬ್ಬದ ದಿನಗಳಲ್ಲಿ ಅಟ್ಟೆಗೆ ಸಾವಿರ ದಾಟಿದ ಹೂವಿನ ದರ ಬೇಡಿಕೆ ಇಲ್ಲದಾಗ ತಳ ಹಿಡಿಯುತ್ತದೆ. ದರ ಇರುವಾಗ ಗಿಡದಲ್ಲಿ ಹೂವಿಲ್ಲ, ಹೂವಿರುವಾಗ ದರ ಇಲ್ಲ ಎನ್ನುವುದು ಬೆಳೆಗಾರರ ಹಳೇ ದೂರು.

ಆ ತಾಯಿಗೆ ನಾನು ಒಂದು ಸಲಹೆ ಕೊಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಚೌಕದೊಳಗೆ ಅಂದಿನ ದರವನ್ನೂ ಎಷ್ಟು ಚೆಂಡು ಕಟ್ಟಿದ್ದೆಂದೂ ಮಗನೇ ಬರೆಯಲಿ. ತಿಂಗಳ ಕೊನೆಗೆ ಅವನೇ ಕೂಡಿಸಲಿ. ಅದರ ಕೆಳಗೆ ಗೊಬ್ಬರ, ಕರೆಂಟು, ಅಕ್ಕಿ, ಗ್ಯಾಸ್ ಬರೆಯಲಿ. ಎರಡು ತಿಂಗಳು ಬರೆದ ಮೇಲೆ ಹುಡುಗ ಶೂ ಬೇಕೆಂದು ಅಳುವುದನ್ನು ಬಿಟ್ಟು, "ಈ ತಿಂಗಳು ಆಗ್ತದಾ, ಬರುವ ತಿಂಗಳು ಆಗ್ತದಾ?" ಎಂದು ಕೇಳಲು ಶುರು ಮಾಡಿದ. ಶೂ ಬೇಕೆಂಬ ಆಸೆ ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಕೇಳುವ ರೀತಿ ಬದಲಾಯಿತು.

ಕಡಲ ಬದಿಯ ಮನೆಗಳಲ್ಲಿ ಈ ಕ್ಯಾಲೆಂಡರ್ ಇನ್ನೂ ಮುಖ್ಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ಕಡಲು ಬೇರೆ ಬಿರುಸು, ನಿಷೇಧ ಸರಿಯಾದದ್ದೇ. ಆದರೆ ಲೆಕ್ಕ ನೋಡಿ: ಶಾಲೆ ಶುರುವಾಗುವುದೂ ಆಗಲೇ. ಫೀಸು, ಪುಸ್ತಕ, ಕೊಡೆ, ರೈನ್‌ಕೋಟು, ಯೂನಿಫಾರ್ಮು ಎಲ್ಲ ಒಟ್ಟಿಗೆ ಬೇಕು, ಬೋಟಿಗೆ ಹೋಗುವವರ ಕೈ ಖಾಲಿ, ಮಲ್ಪೆಯಿಂದ ಮೀನು ತಂದು ಮಾರುವ ಹೆಂಗಸರ ಬುಟ್ಟಿಯೂ ಅರ್ಧ ಖಾಲಿ. ಅತಿ ಹೆಚ್ಚು ಖರ್ಚಿನ ತಿಂಗಳು ಮತ್ತು ಅತಿ ಕಡಿಮೆ ಆದಾಯದ ತಿಂಗಳು ಒಂದೇ. ಸಂಘದ ಸಾಲದ ಅರ್ಜಿಗಳು ಮೇ ಕೊನೆಯಲ್ಲಿ ಯಾಕೆ ರಾಶಿ ಬೀಳುತ್ತವೆ ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇದನ್ನು ಮಕ್ಕಳಿಗೆ ಹೇಳಿದರೆ ಅರ್ಥವಾಗುವುದಿಲ್ಲವೇ? ಖಂಡಿತ ಆಗುತ್ತದೆ, ಯಾಕೆಂದರೆ ಅವರು ಅದನ್ನು ಮನೆಯಲ್ಲಿ ನೋಡಿದ್ದಾರೆ. ಬೇಸಗೆಯಲ್ಲಿ ಅಜ್ಜಿ ಮೀನು ಒಣಗಿಸುವುದು, ಹಲಸಿನ ಹಪ್ಪಳ ಮಾಡುವುದು, ಹಲಸಿನ ಸೊಳೆ, ಮಾವಿನಕಾಯಿ ಉಪ್ಪಿಗೆ ಹಾಕುವುದು, ಕಟ್ಟಿಗೆ ತುಂಬಿಸುವುದು ಯಾತಕ್ಕೆ? ಆಟಿ ತಿಂಗಳಿಗೆ. "ಅಜ್ಜಿ ಮೀನು ಒಣಗಿಸಿದ ಹಾಗೆ ನಾವು ದುಡ್ಡು ಒಣಗಿಸಿ ಇಡುವ" ಎಂದು ಹೇಳಿ ನೋಡಿ. ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ಫೆಬ್ರವರಿ ಮಧ್ಯದಿಂದ ಮೇ ಕೊನೆಯ ತನಕ ಸುಮಾರು 15 ವಾರ. ವಾರಕ್ಕೆ 100 ರೂಪಾಯಿ ಬೇರೆ ಲಕೋಟೆಯಲ್ಲಿಟ್ಟರೆ 1,500. ಲಕೋಟೆಯ ಮೇಲೆ ಮಗುವೇ "ಕೊಡೆ, ಪುಸ್ತಕ" ಎಂದು ಬರೆಯಲಿ, ಪ್ರತಿ ವಾರ ಅದರ ಕೈಯಿಂದಲೇ ಹಾಕಿಸಿ. ತನ್ನ ಕೈಯಿಂದ ಹಾಕಿದ ದುಡ್ಡಲ್ಲಿ ತಂದ ಕೊಡೆಯನ್ನು ಮಗು ಬಸ್ಸಿನಲ್ಲಿ ಅಷ್ಟು ಸುಲಭದಲ್ಲಿ ಬಿಟ್ಟು ಬರುವುದಿಲ್ಲ. (ಬಿಟ್ಟು ಬಂದರೂ ಬರಬಹುದು, ಮಕ್ಕಳಲ್ಲವೇ. ಆಗ ಹಳೇ ಕೊಡೆಗೆ ಕಡ್ಡಿ ಹಾಕಿಸಿ ಕೊಡಿ, ಹೊಸತು ಮರುದಿನವೇ ಬೇಡ.)

ಗಂಡ ದುಬೈಯಲ್ಲೋ ಮುಂಬೈಯಲ್ಲೋ ಇರುವ ಮನೆಗಳದ್ದು ಬೇರೆ ಸಮಸ್ಯೆ. ಅಲ್ಲಿ ಮಗುವಿನ ಕಣ್ಣಿಗೆ ಅಪ್ಪ ಅಂದರೆ ಒಂದು ನಳ್ಳಿ, ತಿರುಗಿಸಿದರೆ ದುಡ್ಡು ಬರುತ್ತದೆ. ಫೋನಿನಲ್ಲಿ "ಎಂತ ತರ್ಲಿ?" ಎಂದು ಕೇಳುವ ಅಪ್ಪನಿಗೆ ಒಂದು ದಿನ, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೇನೆ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತೇವೆ ಎಂದು ಮಗುವಿಗೆ ಹೇಳಲು ಹೇಳಿ. ಕಷ್ಟ ತೋಡಿಕೊಳ್ಳಲು ಅಲ್ಲ, ನಿಜ ತಿಳಿಯಲು.

ಇನ್ನು ಮಕ್ಕಳ ಕೈಗೆ ದುಡ್ಡು ಕೊಡುವ ವಿಷಯ. ಐದಾರು ವರ್ಷದಲ್ಲೇ ಅಂಗಡಿಗೆ ಕಳಿಸುತ್ತೇವೆ. ಚೀಟಿ ಕೊಡಬೇಡಿ, ಬಾಯಲ್ಲಿ ಹೇಳಿ, ಬಂದ ಮೇಲೆ ಚಿಲ್ಲರೆ ನಿಮ್ಮೆದುರು ಎಣಿಸಲಿ. ಎಂಟು ವರ್ಷದ ಹೊತ್ತಿಗೆ ವಾರಕ್ಕೆ ಒಂದು ಸಣ್ಣ ಮೊತ್ತ, ಹತ್ತು ರೂಪಾಯಿ ಸಾಕು, ನಿಮ್ಮ ಸಂಘದ ಸಭೆಯ ದಿನವೇ ಕೊಡಿ. ನೀವು ನಿಮ್ಮ ಉಳಿತಾಯ ಕಟ್ಟಲು ಹೊರಡುವಾಗ ಅದು ತನ್ನದನ್ನು ಡಬ್ಬಿಗೆ ಹಾಕಲಿ. ಐದು ಡಬ್ಬಿಗೆ, ಐದು ಕೈಗೆ. ಕೈಯಲ್ಲಿದ್ದದ್ದನ್ನು ಏನು ಮಾಡಿದೆ ಎಂದು ಪೊಲೀಸರ ಹಾಗೆ ವಿಚಾರಿಸಬೇಡಿ. ಸೋಮವಾರವೇ ಖಾಲಿಯಾದರೆ ಖಾಲಿ. ಮಂಗಳವಾರ ಮತ್ತೆ ಐದು ಕೊಟ್ಟಿರೋ, ನಿಮ್ಮ ಪಾಠ ಅಲ್ಲಿಗೆ ಮುಗಿಯಿತು. ಇದು ತಾಯಂದಿರಿಗೆ ಬಹಳ ಕಷ್ಟ. ಅಜ್ಜಿಯರಿಗಂತೂ ಸಾಧ್ಯವೇ ಇಲ್ಲ, ಅವರು ಸೆರಗಿನ ಗಂಟಿನಿಂದ ಕೊಟ್ಟೇ ಕೊಡುತ್ತಾರೆ, ಅದನ್ನು ನಾನು ತಡೆಯಲು ಹೋಗುವುದಿಲ್ಲ.

ಜಾತ್ರೆಗಳು ಒಳ್ಳೆಯ ಶಾಲೆ. ಕಾಪುವಿನ ಮಾರಿಪೂಜೆಗೋ ಅತ್ತೂರಿನ ಸಾಂತ್‌ಮಾರಿಗೋ ಹೋಗುವಾಗ, ಪ್ರತಿ ಅಂಗಡಿಯ ಎದುರೂ "ಬೇಡ, ಬೇಡ" ಎಂದು ಕೈ ಎಳೆಯುವ ಬದಲು, ಮನೆಯಲ್ಲೇ ಐವತ್ತೋ ನೂರೋ ಕೈಗೆ ಕೊಟ್ಟುಬಿಡಿ. "ಇದು ನಿನ್ನದು, ಇಷ್ಟೇ." ಒಬ್ಬ ಹುಡುಗ ಮೊದಲ ಅಂಗಡಿಯಲ್ಲೇ ಅಷ್ಟನ್ನೂ ಕೊಟ್ಟು ಪ್ಲಾಸ್ಟಿಕ್ ಬಂದೂಕು ತೆಗೆದುಕೊಂಡನಂತೆ, ಬಸ್ ಸ್ಟ್ಯಾಂಡಿಗೆ ಬರುವಾಗ ಅದು ಮುರಿದಿತ್ತು, ತಂಗಿ ಮಾತ್ರ ಐಸ್‌ಕ್ರೀಂ ತಿನ್ನುತ್ತಿದ್ದಳು. ಇಡೀ ದಾರಿ ಅತ್ತ. ತಾಯಿ "ನಾನು ಹೇಳಿರ್ಲಿಲ್ವಾ" ಅನ್ನದೆ ಸುಮ್ಮನಿದ್ದರಂತೆ. ಮರುವರ್ಷ ಅವನು ಇಡೀ ಸಂತೆ ಒಂದು ಸುತ್ತು ಬಂದು ಆಮೇಲೆ ಕೊಂಡ. ನೂರು ರೂಪಾಯಿಗೆ ಇದಕ್ಕಿಂತ ಒಳ್ಳೆಯ ಟ್ಯೂಶನ್ ಎಲ್ಲಿ ಸಿಗುತ್ತದೆ?

ಒಂದು ವಿಷಯ ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ಮಗುವಿನ ಡಬ್ಬಿಯಿಂದ ನಾವೇ ದುಡ್ಡು ತೆಗೆಯುತ್ತೇವೆ. ಗ್ಯಾಸ್ ಸಿಲಿಂಡರ್ ಬಂತು, ಚಿಲ್ಲರೆ ಇಲ್ಲ, ಡಬ್ಬಿ ಬೋರಲು ಹಾಕಿದೆವು. "ಆಮೇಲೆ ಹಾಕಿದರಾಯ್ತು." ಆ ಆಮೇಲೆ ಬರುವುದಿಲ್ಲ. ಸಂಘದ ದುಡ್ಡನ್ನು ಯಾರಾದರೂ ಹೀಗೆ ಕೇಳದೆ ತೆಗೆದರೆ ನಾವು ಏನು ಹೇಳುತ್ತೇವೆ? ಮಗುವಿನ ದುಡ್ಡು ಬೇಕಾದರೆ ಕೇಳಿ ತೆಗೆಯಿರಿ, ಎಷ್ಟು, ಯಾವ ದಿನ ಹಿಂದೆ ಕೊಡುತ್ತೇನೆ ಎಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಆ ದಿನ ಕೊಡಿ. ಮಾವ ಊರಿಗೆ ಬಂದಾಗ ಕೊಟ್ಟ ಐನೂರಕ್ಕೂ ಇದೇ ನಿಯಮ.

ಮನೆಕೆಲಸ ಮಾಡಿದ್ದಕ್ಕೆ ಮಕ್ಕಳಿಗೆ ದುಡ್ಡು ಕೊಡಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ ಎಂದೇ ನನ್ನ ಅಭಿಪ್ರಾಯ. ತಾನು ಉಂಡ ಬಟ್ಟಲು ತೊಳೆಯುವುದಕ್ಕೆ, ಹಾಸಿಗೆ ಮಡಚುವುದಕ್ಕೆ ಕೂಲಿ ಯಾಕೆ? ನಿಮಗೆ ಯಾರು ಕೊಡುತ್ತಾರೆ? ಆದರೆ ಎಷ್ಟೋ ಮನೆಗಳಲ್ಲಿ ಮಗಳು ಗುಡಿಸುತ್ತಾಳೆ, ನೀರು ತರುತ್ತಾಳೆ, ತಮ್ಮನನ್ನು ನೋಡಿಕೊಳ್ಳುತ್ತಾಳೆ, ಮತ್ತು ಪಾಕೆಟ್ ಮನಿ ಸಿಗುವುದು ಮಗನಿಗೆ, "ಹುಡುಗ, ಹೊರಗೆ ಹೋಗ್ತಾನಲ್ಲ" ಎಂದು. ಅವಳು ಸಾಲ ಕೇಳಲು ಗಂಡನ ಒಪ್ಪಿಗೆಗೆ ಕಾಯುವ ಹೆಂಗಸಾಗುವುದು ಅಲ್ಲಿಂದಲೇ ಶುರು. ಕೆಲಸವೂ ಸಮಪಾಲು, ವಾರದ ಹತ್ತು ರೂಪಾಯಿಯೂ ಸಮಪಾಲು. ಬೀಡಿಯ ತಡ್ಪೆಯ ಎದುರು ಮಾತ್ರ ಮಕ್ಕಳನ್ನು ಕೂರಿಸಬೇಡಿ. ನೂಲು ಸುತ್ತಲು ಅವರ ಸಣ್ಣ ಬೆರಳು ಬೇಗ ಓಡುತ್ತದೆ, ನಿಜ, ಆದರೆ ಹೊಗೆಸೊಪ್ಪಿನ ಧೂಳು ಅವರ ಎದೆಗೆ ಹೋಗುತ್ತದೆ. ಜವಾಬ್ದಾರಿ ಕಲಿಸುವುದು ಬೇರೆ, ದುಡಿಸುವುದು ಬೇರೆ.

ಈಗ ನಾನು ಮಾಡಿದ ಒಂದು ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದ ಕೋಶಾಧಿಕಾರಿಯ ಮನೆಯಲ್ಲಿ ಆದಿತ್ಯವಾರದ ಉಳಿತಾಯದ ಹಣ ಇತ್ತು, ಸೋಮವಾರ ಬ್ಯಾಂಕಿಗೆ ಕಟ್ಟಲು. ಬೆಳಿಗ್ಗೆ ಎಣಿಸಿದರೆ 200 ರೂಪಾಯಿ ಕಡಿಮೆ. ತೆಗೆದದ್ದು ಆರನೇ ಕ್ಲಾಸಿನ ಮಗ. ಅವಳು ಪಕ್ಕದ ಮನೆಯಿಂದ ಕೈಸಾಲ ತಂದು ಹಣ ತುಂಬಿಸಿದಳು, ಹುಡುಗನಿಗೆ ಹೊಡೆದಳು, ಆಮೇಲೆ ಅಳುತ್ತಾ ನನಗೆ ಫೋನ್ ಮಾಡಿದಳು. ನಾನು ದೊಡ್ಡದಾಗಿ ಹೇಳಿದೆ: "ಅವನನ್ನು ಸಭೆಗೆ ಕರ್ಕೊಂಡು ಬಾ, ಎಲ್ಲರೆದುರು ಕ್ಷಮೆ ಕೇಳಲಿ."

ಬಂದ. ಹದಿನೈದು ಜನ ಹೆಂಗಸರ ನಡುವೆ ನಿಂತ. ಕಿವಿ ಕೆಂಪಾಗಿತ್ತು. ಏನೋ ಹೇಳಿದ, ಯಾರಿಗೂ ಕೇಳಲಿಲ್ಲ, ಜೋರಾಗಿ ಹೇಳು ಎಂದರು, ಮತ್ತೆ ಹೇಳಿದ. ಕೆಲವರು ತಲೆ ಸವರಿದರು. ಹಿಂದಿನಿಂದ ಒಬ್ಬರು ತಮಾಷೆಗೆ "ಕಳ್ಳ" ಅಂದರು. ಅದಾದ ಮೇಲೆ ಎರಡು ತಿಂಗಳು ಆ ಹುಡುಗ ಸಂಘದ ಹೆಂಗಸರು ಎದುರು ಬಂದರೆ ದಾರಿ ಬಿಟ್ಟು ಗದ್ದೆಯ ಹುಣಿಯಲ್ಲಿ ಹೋಗುತ್ತಿದ್ದ. ನನ್ನನ್ನು ಕಂಡರೂ.

ನನ್ನ ಎಂ.ಎಸ್.ಡಬ್ಲ್ಯೂ ಓದು ಆ ದಿನ ಎಲ್ಲಿ ಹೋಗಿತ್ತೋ. ನಮ್ಮ ಸಂಘದ ಸದಸ್ಯೆಯೊಬ್ಬಳು ಎರಡು ಕಂತು ತಪ್ಪಿಸಿದರೆ ನಾವು ಅವಳನ್ನು ನಡುವೆ ನಿಲ್ಲಿಸುತ್ತೇವೆಯೇ? ಯಾಕೆ ಆಗಲಿಲ್ಲ ಎಂದು ಕೇಳುತ್ತೇವೆ, ಕಂತು ಸಣ್ಣದು ಮಾಡುತ್ತೇವೆ, ಬರೆಯುತ್ತೇವೆ. ಮಗುವಿಗೆ ಅಷ್ಟು ಮರ್ಯಾದೆ ನಾನು ಕೊಡಲಿಲ್ಲ. ತಾಯಿಯ ಹತ್ತಿರ ಕೂತು ಮಾತಾಡಿದೆ. ಹುಡುಗನನ್ನು ಕೇಳಿದಾಗ ಗೊತ್ತಾದದ್ದು, ಶಾಲೆಯಲ್ಲಿ ಗೆಳೆಯರು ಸರದಿಯಲ್ಲಿ ಐಸ್‌ಕ್ಯಾಂಡಿ ಕೊಡಿಸುತ್ತಿದ್ದರು, ಇವನ ಸರದಿ ಬಂದಿತ್ತು, ಇವನ ಕೈಯಲ್ಲಿ ಯಾವತ್ತೂ ಒಂದು ರೂಪಾಯಿಯೂ ಇರಲಿಲ್ಲ. ಕೇಳಿದರೆ ಬೈಗುಳ ಸಿಗುತ್ತದೆ ಎಂದು ಕೇಳಲೂ ಇಲ್ಲ.

ಅವತ್ತಿನಿಂದ ತಾಯಿ ಅವನಿಗೆ ವಾರಕ್ಕೆ 20 ರೂಪಾಯಿ ಕೊಡಲು ಶುರು ಮಾಡಿದಳು. ಒಂದು ಸಣ್ಣ ಪುಸ್ತಕ ತಂದು, ಸಂಘದ ಸಾಲದ ಪುಸ್ತಕದ ಹಾಗೆಯೇ ಗೆರೆ ಎಳೆದು, "ಅಸಲು 200, ಕಂತು ವಾರಕ್ಕೆ 10" ಎಂದು ಬರೆದಳು. 20 ವಾರದಲ್ಲಿ ಮುಗಿಯಬೇಕಿತ್ತು. ನಡುವೆ ಎರಡು ವಾರ ಕಟ್ಟಲಿಲ್ಲ, "ಬಾಕಿ" ಎಂದು ಬರೆದರು, ಬೈಯಲಿಲ್ಲ. 22ನೇ ವಾರ "ಚುಕ್ತಾ" ಎಂದು ಬರೆದು ಇಬ್ಬರೂ ಸಹಿ ಹಾಕಿದರು. ಆ ಪುಸ್ತಕವನ್ನು ಅವನೇ ತಂದು ನನಗೆ ತೋರಿಸಿದ. ಅಂದಹಾಗೆ, ಸಂಘದ ಹಣವನ್ನು ಬೀಗ ಇಲ್ಲದ ಕಪಾಟಿನಲ್ಲಿ ಇಟ್ಟದ್ದು ದೊಡ್ಡವರ ತಪ್ಪು. ಆ ಬಗ್ಗೆ ಸಂಘ ನಂತರ ನಿರ್ಣಯ ಮಾಡಿತು.

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಬಡ್ಡಿ ಅಂದರೆ ಏನೆಂದು ತೋರಿಸಲು ಹುಣಸೆ ಬೀಜ ಸಾಕು. ಒಂದು ಬೀಜಕ್ಕೆ ಹತ್ತು ರೂಪಾಯಿ ಎಂದು ಲೆಕ್ಕ. ನೂರು ಬೀಜದ ರಾಶಿ ಮಾಡಿ, ಅದು ಸಾವಿರ ರೂಪಾಯಿ ಸಾಲ. ಅಸಲು ಹಾಗೆಯೇ ಇದ್ದು ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ, ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿಯಂತೆ ತಿಂಗಳಿಗೆ ಒಂದು ಬೀಜ, ವರ್ಷಕ್ಕೆ 12. ನೂರಕ್ಕೆ ಐದರ ಬಡ್ಡಿಯವರ ಹತ್ತಿರ ತಿಂಗಳಿಗೆ ಐದು ಬೀಜ, ವರ್ಷಕ್ಕೆ 60. ನೂರಕ್ಕೆ ಹತ್ತರ ಬಡ್ಡಿ ಆದರೆ 120. ಬಡ್ಡಿಯ ರಾಶಿ ಅಸಲಿನ ರಾಶಿಗಿಂತ ದೊಡ್ಡದು, ಅಸಲು ಇನ್ನೂ ಅಲ್ಲೇ ಕೂತಿದೆ! ಮಕ್ಕಳ ಕಣ್ಣು ಅಗಲವಾಗುವುದನ್ನು ನೋಡಬೇಕು. ಕೆಲವು ಅಮ್ಮಂದಿರದ್ದೂ ಆಗುತ್ತದೆ.

ಹೀಗೆ ಬೀಜ ಇಟ್ಟು ಆಡಿದ ಮಗುವಿಗೆ, ಮನೆಯಲ್ಲಿ ಇರುವ ಸಾಲದ ಬಗ್ಗೆ ವಯಸ್ಸಿಗೆ ತಕ್ಕಷ್ಟು ಹೇಳಬಹುದು. "ಮಾಡು ರಿಪೇರಿಗೆ ಸಾಲ ತೆಗೆದಿದ್ದೇವೆ. ಪ್ರತಿ ತಿಂಗಳು ಇಷ್ಟು ಕಟ್ಟುತ್ತೇವೆ. ಇಂಥ ವರ್ಷ ಮುಗಿಯುತ್ತದೆ." ಇಷ್ಟು ಸಾಕು. ಮೊತ್ತ ಹೇಳಿ ಹೆದರಿಸಬೇಡಿ, "ನಿಮ್ಮನ್ನು ಓದಿಸಲಿಕ್ಕೇ ಇಷ್ಟೆಲ್ಲ ಸಾಲ" ಎಂದು ಅವರ ತಲೆಗೆ ಕಟ್ಟಬೇಡಿ. ಕಂತಿನವರು ಬಂದಾಗ ಬಾಗಿಲಿಗೆ ಹೋಗಬೇಕಾದವರು ನೀವು. ಕಟ್ಟಲು ಆಗದಿದ್ದರೆ "ಈ ವಾರ ಆಗುವುದಿಲ್ಲ, ಇಂಥ ದಿನ ಕೊಡುತ್ತೇನೆ" ಎಂದು ನೀವೇ ಹೇಳಿ. ಮಗು ಪಕ್ಕದಲ್ಲಿ ನಿಂತು ಕೇಳಿದರೂ ಪರವಾಗಿಲ್ಲ, ಅದು ಕಲಿಯುವುದು ಒಳ್ಳೆಯದನ್ನೇ. ಕಿರುಕುಳ ಕೊಟ್ಟು ವಸೂಲಿ ಮಾಡುವವರ ವಿರುದ್ಧ ನಮ್ಮ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ನಿಮಗೆ ನೆನಪಿರಬಹುದು. ಯಾರಾದರೂ ಬೆದರಿಸಿದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು, ಹೋಗುವಾಗ ಸಂಘದವರನ್ನು ಜೊತೆಗೆ ಕರೆದುಕೊಳ್ಳಿ. ಮಗುವನ್ನು ಮಾತ್ರ ಮುಂದೆ ಬಿಡಬೇಡಿ.

ಮೊಬೈಲಿನ ದುಡ್ಡು ಈಗಿನ ದೊಡ್ಡ ತಲೆನೋವು. ನಾಣ್ಯವಾದರೆ ಕೈ ಖಾಲಿಯಾಗುವುದು ಕಾಣುತ್ತದೆ. ಫೋನಿನಲ್ಲಿ ಕಾಣುವುದಿಲ್ಲ, ಅಂಗಡಿಯ ಡಬ್ಬಿ ಮಾತಾಡುತ್ತದೆ, ಅಷ್ಟೇ. ನಿಮ್ಮ ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರುವ ಮನೆ ಎಷ್ಟು ಎಂದು ಸಭೆಯಲ್ಲಿ ಕೈ ಎತ್ತಿಸಿದರೆ ಅರ್ಧಕ್ಕಿಂತ ಹೆಚ್ಚು ಕೈ ಮೇಲಾಗುತ್ತದೆ. "ನನಗೆ ಬರೂದಿಲ್ಲ ಸಿಸ್ಟರ್, ಮಗನೇ ಮಾಡಿ ಕೊಡೂದು." ಮಗನಿಂದ ಕಲಿಯಿರಿ, ಆದರೆ ಪಿನ್ ನೀವೇ ಒತ್ತಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟಿನಲ್ಲಿ ಬಂದಿದೆ. ಆದರೆ ಆಟದೊಳಗೆ ಬಟ್ಟೆ, ಆಯುಧ ಕೊಳ್ಳುವ ಆಟಗಳು ಹಾಗೆಯೇ ಇವೆ, ಅಲ್ಲಿಯೂ ದುಡ್ಡು ಹೋಗುತ್ತದೆ. ಶನಿವಾರ ಸಂಜೆ ಆ ವಾರದ ಬ್ಯಾಂಕ್ ಮೆಸೇಜುಗಳನ್ನು ಮಗು ಓದಲಿ, ನೀವು ಪುಸ್ತಕದಲ್ಲಿ ಬರೆಯಿರಿ. ಗೊತ್ತಿಲ್ಲದ ಖರ್ಚು ಆಗ ತಾನಾಗಿಯೇ ಹೊರಬೀಳುತ್ತದೆ. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೈಗುಳಕ್ಕೆ ಹೆದರಿ ಮಗು ಎರಡು ದಿನ ಮುಚ್ಚಿಟ್ಟರೆ ಹಣ ಹಿಂದೆ ಬರುವ ಆಸೆ ಕಡಿಮೆ.

ಡಬ್ಬಿ ತುಂಬಿದ ಮೇಲೆ ಖಾತೆ. ಸಣ್ಣ ಮಕ್ಕಳಿಗೆ ತಾಯಿಯೇ ಪೋಷಕಿಯಾಗಿ ಬ್ಯಾಂಕ್ ಖಾತೆ ತೆರೆಯಬಹುದು, ಅಪ್ಪನ ಸಹಿಯೇ ಬೇಕೆಂದಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕಿನ ಷರತ್ತಿಗೆ ಒಳಪಟ್ಟು ತಮ್ಮ ಹೆಸರಿನಲ್ಲಿ ತಾವೇ ಖಾತೆ ತೆರೆದು ನಡೆಸಬಹುದು. ರಿಸರ್ವ್ ಬ್ಯಾಂಕು 2025ರ ಏಪ್ರಿಲಿನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷಕ್ಕೆ ಅಸಲೇ 6,000. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆ ಇದೆ, ವರ್ಷಕ್ಕೆ ಕನಿಷ್ಠ 250 ರೂಪಾಯಿ, 15 ವರ್ಷ ಕಟ್ಟಬೇಕು, ಓದಿಗೆ ನಡುವೆ ಸ್ವಲ್ಪ ಭಾಗ ತೆಗೆಯಲು ಅವಕಾಶ ಉಂಟು. ಯಾವುದೇ ಆಗಲಿ, ಖಾತೆ ತೆರೆಯುವ ದಿನ ಮಗುವನ್ನು ಕರೆದುಕೊಂಡು ಹೋಗಿ, ಚಲನ್ ಅದೇ ತುಂಬಲಿ. ತಪ್ಪು ಬರೆದರೆ ಇನ್ನೊಂದು ಚಲನ್ ಕೇಳಿದರಾಯಿತು.

ಮೊದಲು ಹೇಳಿದ ಆ ಮನೆಯ ತಾಯಿ ಈಗ ಸಭೆಗೆ ಬರುತ್ತಿದ್ದಾರೆ. ಸಾಲ ತೀರಿಲ್ಲ. ಮೂರರಲ್ಲಿ ಒಂದನ್ನು ಸಂಘದಿಂದ ಕಡಿಮೆ ಬಡ್ಡಿಗೆ ತೆಗೆದು ಮುಚ್ಚಿದ್ದಾರೆ, ಎರಡು ಉಳಿದಿವೆ. ಕಳೆದ ತಿಂಗಳು ಹೋದಾಗ ಆ ಹುಡುಗಿಯೇ ಬಾಗಿಲಿಗೆ ಬಂದಳು. "ಅಮ್ಮ ಒಳಗಿದ್ದಾರೆ, ಕೂತ್ಕೊಳ್ಳಿ" ಅಂದಳು.

ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯಗಳ ಬಗ್ಗೆ ಮಾತಾಡಿ: ನಮ್ಮ ಮಗುವಿನ ಡಬ್ಬಿಯಿಂದ ನಾವು ತೆಗೆದು ಹಿಂದೆ ಕೊಡದ ದುಡ್ಡು ಎಷ್ಟು? ಮಗಳಿಗೂ ಮಗನಿಗೂ ನಾವು ಕೊಡುವುದು ಒಂದೇ ಮೊತ್ತವೇ? ಬರುವ ಜೂನ್ ತಿಂಗಳ ಶಾಲೆಯ ಖರ್ಚಿಗೆ ಲಕೋಟೆ ಯಾವ ವಾರದಿಂದ ಶುರು ಮಾಡುತ್ತೇವೆ? ಓದು ಬರೆಹ ಬಾರದ ಸದಸ್ಯರಿಗೆ ಪಕ್ಕದಲ್ಲಿ ಕೂತವರು ಈ ಪಾಠ ಓದಿ ಹೇಳಿ. ಚರ್ಚೆಯಲ್ಲಿ ಬಂದ ಮಾತುಗಳನ್ನು ಕಾರ್ಯದರ್ಶಿಯವರು ನಡವಳಿ ಪುಸ್ತಕದಲ್ಲಿ ಬರೆದಿಡಿ, ಭೇಟಿಗೆ ಬಂದಾಗ ನೋಡುತ್ತೇನೆ.